ಫ್ಲಾರೆನ್ಸಿನಿಂದ: ಬತ್ತಲೆ ಶಿಲ್ಪಗಳ ವಿಚಾರ

ತೀರ್ಥರೂಪರಾದ ಅಪ್ಪನವರಿಗೂ ಮಾತೃಶ್ರೀ ಅಮ್ಮನವರಿಗೂ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಇತ್ತ ನಾನು ಕ್ಷೇಮ, ಅತ್ತ ನೀವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ಅಪ್ಪ, ನಾನು ಕಳಿಸಿದ ಫೋಟೋಗಳನ್ನು ನೋಡಿ ನೀವು ಕೇಳಿದ ಪ್ರಶ್ನೆ ನ್ಯಾಯವಾದದ್ದು. ದೇವತೆಗಳು, ವೀರರು, ಬೈಬಲ್ಲಿನ ಪುಣ್ಯಪುರುಷರು, ಇವರನ್ನೆಲ್ಲ ಇಲ್ಲಿಯ ಕಲಾವಿದರು ಬಟ್ಟೆಯಿಲ್ಲದೆ, ಅದೂ ಊರಿನ ನಟ್ಟನಡುವಿನ ಚೌಕದಲ್ಲಿ ನಿಲ್ಲಿಸಿದ್ದೇಕೆ ಎಂದು ಕೇಳಿದ್ದೀರಿ. "ಇವರಿಗೆ ನಾಚಿಕೆಯೆಂಬುದೇ ಇರಲಿಲ್ಲವೇ?" ಎಂಬುದು ಅಮ್ಮನ ಪ್ರಶ್ನೆ. ಇವಕ್ಕೆ ಫೋನಿನಲ್ಲಿ ಅರ್ಧಂಬರ್ಧ ಉತ್ತರ ಹೇಳಲು ಮನಸ್ಸಾಗಲಿಲ್ಲ. ಇಲ್ಲಿ ನೋಡಿ, ಓದಿ ತಿಳಿದುಕೊಂಡದ್ದನ್ನು ಬರೆಯುತ್ತಿದ್ದೇನೆ.

ಮೊದಲು ಗ್ರೀಕರ ಮಾತು. ಅವರ ಗಂಡಸರು ವ್ಯಾಯಾಮಶಾಲೆಯಲ್ಲಿಯೂ ಒಲಿಂಪಿಯಾದ ಪಂದ್ಯಗಳಲ್ಲಿಯೂ ಮೈಗೆ ಎಣ್ಣೆ ಹಚ್ಚಿಕೊಂಡು ಬರಿಮೈಯಲ್ಲೇ ಸೆಣಸುತ್ತಿದ್ದರು. ಈ ಪದ್ಧತಿಯನ್ನು ಮೊದಲು ತಂದವರು ಸ್ಪಾರ್ಟಾದವರೆಂದು ಕ್ರಿ.ಪೂ. 5ನೇ ಶತಮಾನದ ಇತಿಹಾಸಕಾರ ಥುಸಿಡಿಡೀಸ್ ಬರೆದಿದ್ದಾನೆ. ಗ್ರೀಕರಲ್ಲದವರು, ವಿಶೇಷವಾಗಿ ಏಷ್ಯಾದ ಕೆಲವರು, ಕುಸ್ತಿಯ ಹೊತ್ತಿನಲ್ಲಿಯೂ ಸೊಂಟಕ್ಕೆ ವಸ್ತ್ರ ಕಟ್ಟಿಕೊಳ್ಳುತ್ತಾರೆಂದು ಅಲ್ಲಿಯೇ ಹೇಳಿದ್ದಾನೆ. ಹೀಗಾಗಿ ಪಳಗಿಸಿದ ಬರಿಮೈಯನ್ನು ತೋರುವುದು ಅವರಿಗೆ ತಾವು ಗ್ರೀಕರೆಂಬುದರ ಗುರುತೂ ಆಗಿತ್ತು. ಆದರೆ ಎಲ್ಲವನ್ನೂ ಪಂದ್ಯಗಳ ಲೆಕ್ಕಕ್ಕೆ ಹಾಕಲಾಗುವುದಿಲ್ಲ. ಗ್ರೀಕ್ ಸೈನಿಕ ಯುದ್ಧಕ್ಕೆ ಹೋಗುತ್ತಿದ್ದದ್ದು ಕವಚ ತೊಟ್ಟು. ಮಣ್ಣಿನ ಪಾತ್ರೆಗಳ ಮೇಲಿನ ಚಿತ್ರಗಳಲ್ಲಿ ಅವನೇ ಎಷ್ಟೋ ಸಲ ಶಿರಸ್ತ್ರಾಣ, ಗುರಾಣಿಗಳನ್ನು ಮಾತ್ರ ಧರಿಸಿ ಬರಿಮೈಯಲ್ಲಿ ಕಾದುತ್ತಾನೆ. ಕಂಡದ್ದನ್ನು ಕಂಡ ಹಾಗೆ ಚಿತ್ರಿಸುವುದಷ್ಟೇ ಉದ್ದೇಶವಾಗಿದ್ದರೆ ಕವಚವೂ ಇರಬೇಕಾಗಿತ್ತು. ಅವರ ಕಲೆಯಲ್ಲಿ ಬರಿಮೈ ವೀರನ ಲಾಂಛನ. ಚೆಲುವಾದ ದೇಹವೂ ಒಳ್ಳೆಯ ನಡತೆಯೂ ಒಂದಕ್ಕೊಂದು ಅಂಟಿಕೊಂಡಿವೆಯೆಂದು ಅವರು ನಂಬಿದ್ದರು. ಆ ಚೆಲುವಿಗೆ ಅಳತೆಯುಂಟೆಂದು ತಿಳಿದ ಪಾಲಿಕ್ಲೈಟಸ್ ಎಂಬ ಶಿಲ್ಪಿ ಅಂಗಾಂಗಗಳ ಪ್ರಮಾಣವನ್ನು ಕುರಿತು ಒಂದು ಗ್ರಂಥವನ್ನೇ ಬರೆದಿದ್ದ.

ಇದೆಲ್ಲ ಗಂಡಸರಿಗೆ ಮಾತ್ರ ಸಂದ ಮಾತು. ಅದೇ ಕಾಲದ ದೇವಾಲಯಗಳಲ್ಲಿ ಯುವಕರ ವಿಗ್ರಹಗಳು ಬತ್ತಲೆಯಾಗಿದ್ದರೆ ಯುವತಿಯರ ವಿಗ್ರಹಗಳು ಕತ್ತಿನಿಂದ ಪಾದದವರೆಗೆ ನೆರಿಗೆಯುಡುಗೆಯಲ್ಲಿವೆ. ಕ್ರಿ.ಪೂ. 4ನೇ ಶತಮಾನದಲ್ಲಿ ಪ್ರಾಕ್ಸಿಟಲೀಸ್ ಎಂಬ ಶಿಲ್ಪಿ ಸ್ನಾನಕ್ಕೆ ಸಿದ್ಧಳಾದ ಪ್ರೇಮದೇವತೆ ಅಫ್ರೋಡೈಟಿಯ ಬತ್ತಲೆ ವಿಗ್ರಹವನ್ನು ಕಡೆದನು. ರೋಮಿನ ಲೇಖಕ ಪ್ಲಿನಿ ಹೇಳುವಂತೆ, ಉಟ್ಟ ದೇವಿ ಮತ್ತು ಉಡದ ದೇವಿ ಎರಡೂ ಮಾರಾಟಕ್ಕಿದ್ದಾಗ ಕೋಸ್ ದ್ವೀಪದವರು ಮರ್ಯಾದೆಯೆಂದು ಉಟ್ಟವಳನ್ನು ಕೊಂಡರು, ಉಳಿದವಳನ್ನು ಕ್ನಿಡಸ್ ಪಟ್ಟಣದವರು ಕೊಂಡರು, ಹೆಸರು ಬಂದದ್ದು ಕ್ನಿಡಸ್ಸಿಗೆ. ಅಮ್ಮನ ಪ್ರಶ್ನೆ ಆ ಕಾಲದಲ್ಲಿಯೇ ಇತ್ತೆಂಬುದಕ್ಕೆ ಈ ಕಥೆಯೇ ಸಾಕ್ಷಿ.

ಕ್ರೈಸ್ತಧರ್ಮ ಬಂದ ಮೇಲೆ ಬರಿಮೈಯ ಅರ್ಥ ಬದಲಾಯಿತು. ಪಾಪ ಮಾಡಿದ ಆದಾಮ ಮತ್ತು ಹವ್ವ (ಬೈಬಲ್ಲಿನ ಮೊದಲ ಗಂಡು ಹೆಣ್ಣು), ನರಕದಲ್ಲಿ ಬೇಯುವವರು, ಹಿಂಸೆಗೊಳಗಾದ ಸಂತರು, ಹೆಚ್ಚಾಗಿ ಇಂಥವರೇ ಬತ್ತಲೆಯಾಗಿ ಕಾಣಿಸಿಕೊಂಡರು. ಇಲ್ಲಿ ನದಿಯಾಚೆ ಸಾಂತಾ ಮರಿಯಾ ದೆಲ್ ಕಾರ್ಮಿನೆ ಚರ್ಚಿನ ಬ್ರಾಂಕಾಚಿ ಪ್ರಾರ್ಥನಾಮಂದಿರದಲ್ಲಿ, 1420ರ ದಶಕದಲ್ಲಿ ಮಸಾಚೊ ಎಂಬ ಚಿತ್ರಕಾರ ಬರೆದ ಭಿತ್ತಿಚಿತ್ರವೊಂದಿದೆ. ಸ್ವರ್ಗದಿಂದ ಹೊರದೂಡಲ್ಪಟ್ಟ ಆದಾಮ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಿದ್ದಾನೆ, ಮೈ ಮುಚ್ಚಿಕೊಂಡಿಲ್ಲ. ಹವ್ವ ಕೈಗಳಿಂದ ಮೈ ಮುಚ್ಚಿಕೊಂಡು, ತಲೆಯೆತ್ತಿ, ಬಾಯ್ತೆರೆದು ಗೋಳಿಡುತ್ತಿದ್ದಾಳೆ. ಇಬ್ಬರ ನಾಚಿಕೆಯ ಬಗೆ ಬೇರೆಬೇರೆ ಎಂಬುದನ್ನು ಬಟ್ಟೆ ತೊಡಿಸಿ ಹೇಳಲು ಸಾಧ್ಯವೇ ಇರಲಿಲ್ಲ. 17ನೇ ಶತಮಾನದಲ್ಲಿ ಯಾರೋ ಅವರ ಸೊಂಟಕ್ಕೆ ಎಲೆಗಳನ್ನು ಬರೆಯಿಸಿದರು. 1980ರ ದಶಕದಲ್ಲಿ ಚಿತ್ರವನ್ನು ಶುದ್ಧಗೊಳಿಸಿದಾಗ ಅವುಗಳನ್ನು ತೆಗೆಯಲಾಯಿತು.

ಹೀಗಿದ್ದ ನಾಡಿನಲ್ಲಿ 15ನೇ ಶತಮಾನದ ಕಲಾವಿದರು ಬರಿಮೈಗೆ ಮತ್ತೆ ಗೌರವ ತಂದರು. ರೋಮಿನ ನೆಲದಿಂದ ಹಳೆಯ ಶಿಲ್ಪಗಳು ಹೊರಬರುತ್ತಿದ್ದುದು ಒಂದು ಕಾರಣ. ದೇವರು ನಿಜವಾಗಿ ಮನುಷ್ಯದೇಹವನ್ನು ತಾಳಿದನೆಂದು ಸಾರುವ ಧರ್ಮದಲ್ಲಿ ಆ ದೇಹ ಪೂರ್ತಿಯಾಗಿ ಹೇಯವಾಗಿರಲಾರದೆಂಬ ಭಾವನೆ ಇನ್ನೊಂದು. ಶಿಶು ಯೇಸುವನ್ನು ಬರಿಮೈಯಲ್ಲಿ ತೋರಿಸುವ ಅಷ್ಟೊಂದು ಚಿತ್ರಗಳ ಹಿಂದೆ ಇದೂ ಇದೆ. ಮೂರನೆಯದು ಕಸುಬಿನ ಕಾರಣ, ನನ್ನ ದೃಷ್ಟಿಯಲ್ಲಿ ಬಹಳ ದೊಡ್ಡದು. ಚಿತ್ರಕಲೆಯನ್ನು ಕುರಿತು 1435ರಲ್ಲಿ ಬರೆದ ಗ್ರಂಥದಲ್ಲಿ ಆಲ್ಬರ್ಟಿ ಎಂಬ ವಿದ್ವಾಂಸ, ಮೊದಲು ಮೂಳೆ, ಆಮೇಲೆ ಸ್ನಾಯು, ಆಮೇಲೆ ಚರ್ಮ ಎಂಬ ಕ್ರಮದಲ್ಲಿ ಆಕೃತಿಯನ್ನು ಕಟ್ಟಬೇಕೆಂದೂ, ಬಟ್ಟೆಯುಟ್ಟವನನ್ನು ಬರೆಯುವಾಗಲೂ ಮೊದಲು ಬತ್ತಲೆಯಾಗಿ ಬರೆದು ಆಮೇಲೆ ಉಡಿಸಬೇಕೆಂದೂ ಹೇಳಿದ. ಲಿಯೊನಾರ್ಡೊ ಇದೇ ಊರಿನ ಸಾಂತಾ ಮರಿಯಾ ನುವೊವಾ ಆಸ್ಪತ್ರೆಯಲ್ಲಿ ಶವಗಳನ್ನು ಕೊಯ್ದು ನೋಡಿದ. ಇಷ್ಟು ಕಷ್ಟಪಟ್ಟು ದೇಹವನ್ನು ಕಲಿತವರ ಸಾಮರ್ಥ್ಯಕ್ಕೆ ಬರಿಮೈಯ ಆಕೃತಿಯೇ ಪರೀಕ್ಷೆಯಾಯಿತು.

ನೀವು ಬೆರಗಾದ ಆ ದಾವೀದನ ವಿಗ್ರಹಕ್ಕೆ ಮತ್ತೊಂದು ಕಾರಣವೂ ಸೇರಿದೆ. ಬೈಬಲ್ಲಿನ ಕಥೆಯಲ್ಲಿ, ದೈತ್ಯನನ್ನು ಎದುರಿಸಲು ಹೊರಟ ಕುರಿಗಾಹಿ ಹುಡುಗನಿಗೆ ರಾಜ ಸೌಲ ತನ್ನ ಕವಚವನ್ನು ತೊಡಿಸುತ್ತಾನೆ; ಅಭ್ಯಾಸವಿಲ್ಲವೆಂದು ಹುಡುಗ ಅದನ್ನು ಕಳಚಿಟ್ಟು, ಕವಣೆ ಮತ್ತು ಕಲ್ಲುಗಳೊಡನೆ ದೇವರನ್ನು ನಂಬಿ ಹೋಗುತ್ತಾನೆ. ಕವಚ ಕಳಚುವುದೇ ಆ ಕಥೆಯ ತಿರುಳು. ಮೈಕೆಲಾಂಜೆಲೊ ಇನ್ನೊಬ್ಬ ಶಿಲ್ಪಿ ಕೈಬಿಟ್ಟಿದ್ದ ಅಮೃತಶಿಲೆಯಲ್ಲಿ 1501ರಿಂದ 1504ರವರೆಗೆ ಕಡೆದ ಈ ವಿಗ್ರಹ 5.17 ಮೀಟರ್ ಎತ್ತರವಿದೆ. ಭಾರವೆಲ್ಲ ಬಲಗಾಲಿನ ಮೇಲೆ, ಎಡಗಾಲು ಸಡಿಲ, ಹುಬ್ಬು ಗಂಟಿಕ್ಕಿದೆ. ಕೆಳಗೆ ಇಳಿಬಿಟ್ಟ ಬಲಗೈಯ ಹಿಂಬದಿಯಲ್ಲಿ ನರಗಳು ಉಬ್ಬಿವೆ. ಹೋರಾಟ ಇನ್ನೂ ಶುರುವಾಗಿಲ್ಲ, ಆದರೆ ಮೈ ಆಗಲೇ ತಯಾರಾಗಿದೆ. ಅಂಗಿ ತೊಡಿಸಿದ್ದರೆ ಇದರಲ್ಲಿ ಮುಖ, ಕೈಗಳಷ್ಟೇ ಉಳಿಯುತ್ತಿದ್ದವು.

ಅಪ್ಪ, ನಿಮಗೆ ಇಲ್ಲಿ ಶ್ರವಣಬೆಳಗೊಳ ನೆನಪಾಗಿರುತ್ತದೆ. ಚಾವುಂಡರಾಯ 981ರಲ್ಲಿ ಪ್ರತಿಷ್ಠೆ ಮಾಡಿಸಿದ ಗೊಮ್ಮಟನ ಬರಿಮೈಯನ್ನು ನಾವು ಚಿಕ್ಕಂದಿನಿಂದ ಭಕ್ತಿಯಿಂದಲೇ ನೋಡಿದ್ದೇವೆ, ಮುಜುಗರಪಟ್ಟದ್ದಿಲ್ಲ. ಆದರೆ ಎರಡೂ ಒಂದೇ ಎನ್ನಲು ನನಗೆ ಒಪ್ಪಿಗೆಯಿಲ್ಲ. ಬಾಹುಬಲಿ ಗೆದ್ದ ಮೇಲೆ ಎಲ್ಲವನ್ನೂ ಬಿಟ್ಟವನು. ಎರಡೂ ಪಾದಗಳ ಮೇಲೆ ಸಮನಾಗಿ ನಿಂತಿದ್ದಾನೆ, ಮೈಯಲ್ಲಿ ಬಿಗಿತವಿಲ್ಲ, ತೊಡೆ ತೋಳುಗಳಿಗೆ ಬಳ್ಳಿ ಹಬ್ಬಿದರೂ ಅರಿವಿಲ್ಲ. ದಾವೀದನ ಮೈ ಲೋಕದಲ್ಲಿ ಕೆಲಸ ಮಾಡಲು ಹೊರಟ ಮೈ.

ಎಲ್ಲ ಬತ್ತಲೆ ಚಿತ್ರಗಳಿಗೂ ಇಂಥ ದೊಡ್ಡ ಅರ್ಥ ಹಚ್ಚುವುದು ತಪ್ಪು. ಇಲ್ಲಿಯ ಊಫಿಟ್ಸಿ ಕಲಾಸಂಗ್ರಹಾಲಯದಲ್ಲಿರುವ, ಟಿಷಿಯನ್ ಎಂಬ ಚಿತ್ರಕಾರನ ಬತ್ತಲೆ ವೀನಸ್ ದೇವತೆ 1538ರಲ್ಲಿ ಉರ್ಬಿನೊ ಮನೆತನದ ರಾಜಕುಮಾರನೊಬ್ಬನ ಖಾಸಗಿ ಕೋಣೆ ಸೇರಿದವಳು. ಅದು ಅದ್ಭುತ ಚಿತ್ರ, ಆದರೆ ಗಂಡಸಿನ ಕಣ್ಣಿನ ಸುಖಕ್ಕಾಗಿ ಬರೆದದ್ದೆಂಬುದನ್ನು ಮುಚ್ಚಿಡಬಾರದು. ಅಕಾಡೆಮಿಗಳಲ್ಲಿ ಬತ್ತಲೆ ಮಾದರಿಯನ್ನು ನೋಡಿ ಚಿತ್ರ ಕಲಿಯಲು ಹೆಣ್ಣುಮಕ್ಕಳಿಗೆ 19ನೇ ಶತಮಾನದವರೆಗೆ ಬಿಡುತ್ತಲೇ ಇರಲಿಲ್ಲ. ಇದು ನನಗೆ ನಿಜವಾಗಿಯೂ ನೋವು ತರುವ ವಿಷಯ.

ಇನ್ನು ಅಮ್ಮನಿಗೆ ಉತ್ತರ. ನಾಚಿಕೆ ಇವರಿಗೂ ಬೇಕಾದಷ್ಟಿತ್ತು. ದಾವೀದ ನಿಂತ ಚೌಕದಲ್ಲಿಯೇ ಕೆಲವೇ ವರ್ಷ ಮೊದಲು, 1497ರಲ್ಲಿ, ಸವೊನರೋಲಾ ಎಂಬ ಸನ್ಯಾಸಿಯ ಅನುಯಾಯಿಗಳು ಅಶ್ಲೀಲವೆಂದು ಕಂಡ ಚಿತ್ರಗಳನ್ನು ಕನ್ನಡಿ, ಆಭರಣಗಳ ಜೊತೆ ಸುಟ್ಟಿದ್ದರು. ವಿಗ್ರಹವನ್ನು ಅಲ್ಲಿಗೆ ತಂದ ಮೇಲೆ ಅದರ ಸೊಂಟಕ್ಕೂ ಚಿನ್ನದ ನೀರು ಕೊಟ್ಟ ಎಲೆಗಳ ಮಾಲೆಯೊಂದನ್ನು ತೊಡಿಸಿದರು. ಮುಂದೆ ರೋಮಿನ ಸಿಸ್ಟೀನ್ ಪ್ರಾರ್ಥನಾಮಂದಿರದಲ್ಲಿ ಮೈಕೆಲಾಂಜೆಲೊ 'ಅಂತಿಮ ತೀರ್ಪು' ಭಿತ್ತಿಚಿತ್ರವನ್ನು 1541ರಲ್ಲಿ ಮುಗಿಸುವ ಮೊದಲೇ, ಇದು ಸ್ನಾನಗೃಹಕ್ಕೂ ಹೆಂಡದಂಗಡಿಗೂ ಲಾಯಕ್ಕು ಎಂದು ಪೋಪರ ಅಧಿಕಾರಿಯೊಬ್ಬ ದೂರಿದನಂತೆ. ನರಕದ ನ್ಯಾಯಾಧಿಪತಿಗೆ ಅವನದೇ ಮುಖವಿಟ್ಟು, ಕತ್ತೆಯ ಕಿವಿ ಸೇರಿಸಿ ಕಲಾವಿದ ಉತ್ತರ ಕೊಟ್ಟ. ಆದರೆ 1563ರಲ್ಲಿ ಚರ್ಚಿನ ಟ್ರೆಂಟ್ ಮಹಾಸಭೆ ಧಾರ್ಮಿಕ ಚಿತ್ರಗಳಲ್ಲಿ ಅಸಭ್ಯತೆ ಕೂಡದೆಂದು ವಿಧಿಸಿತು. ಮೈಕೆಲಾಂಜೆಲೊ ತೀರಿಕೊಂಡ ಮರುವರ್ಷ, ಅವನ ಆಪ್ತನೇ ಆಗಿದ್ದ ದಾನಿಯೆಲೆ ದ ವೊಲ್ತೆರ್ರಾ ಆಕೃತಿಗಳಿಗೆ ವಸ್ತ್ರ ಬರೆದ. ಜನ ಅವನಿಗೆ 'ಚಡ್ಡಿ ಹೊಲಿಯುವವ' ಎಂಬ ಅಡ್ಡಹೆಸರಿಟ್ಟದ್ದು ಅನ್ಯಾಯವೆಂದೇ ನನಗೆ ತೋರುತ್ತದೆ. ಅವನು ಅಷ್ಟನ್ನು ಮಾಡದಿದ್ದರೆ ಇಡೀ ಗೋಡೆಯನ್ನೇ ಅಳಿಸಿಬಿಡುವ ಭಯವಿತ್ತು. 1994ರಲ್ಲಿ ಮುಗಿದ ಶುದ್ಧೀಕರಣದಲ್ಲಿ ಆಮೇಲಿನವರು ಸೇರಿಸಿದ ಬಟ್ಟೆಗಳನ್ನು ತೆಗೆದರೂ ದಾನಿಯೆಲೆ ಬರೆದವುಗಳನ್ನು ಚರಿತ್ರೆಯ ಭಾಗವೆಂದು ಉಳಿಸಿಕೊಂಡರು. ಸಂತ ಕ್ಯಾಥರೀನಳ ಆಕೃತಿಯಲ್ಲಂತೂ ಅವನು ಮೂಲದ ಗಾರೆಯನ್ನೇ ಕೆತ್ತಿ ಹೊಸದಾಗಿ ಬರೆದಿದ್ದರಿಂದ, ಅಲ್ಲಿ ಹಳೆಯದನ್ನು ಮರಳಿ ಪಡೆಯುವ ದಾರಿಯೇ ಇಲ್ಲ.

ಅಮ್ಮನಿಗೆ ಮಸಾಚೊನ ಚಿತ್ರದ ಫೋಟೋವನ್ನು ಬೇರೆಯಾಗಿ ಕಳಿಸುತ್ತೇನೆ. ಮೊದಲು ಹವ್ವಳ ಮುಖವನ್ನು ನೋಡಲು ಹೇಳಿ.

ಇಂತಿ,
ನಿಮ್ಮ ಪ್ರೀತಿಯ ಮಗಳು