ಒಂಬತ್ತನೇ ತರಗತಿಯ ಪೋಷಕರಿಗೆ ಪತ್ರ: ಒಂದು ಕಾದಂಬರಿ, ಮೂವತ್ತಾರು ಕಂತು

ಪ್ರಿಯ ಪೋಷಕರೇ,

ಜೂನ್ ಎರಡನೇ ಶನಿವಾರದಿಂದ ಒಂಬತ್ತನೇ ತರಗತಿಯ ಮಕ್ಕಳು ಚಾರ್ಲ್ಸ್ ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಯನ್ನು ಇಂಗ್ಲಿಷಿನಲ್ಲೇ, ಒಂದು ಸಾಲನ್ನೂ ಬಿಡದೆ ಓದಲಿದ್ದಾರೆ. ಸುಮಾರು 1,85,000 ಪದಗಳ ಪುಸ್ತಕ. ಗಾತ್ರ ನೋಡಿದರೆ ಎದೆ ಝಲ್ಲೆನ್ನುವುದು ಸಹಜ. ಆದರೆ ಅದು ದಪ್ಪ ಪುಸ್ತಕವಾಗಿ ಹುಟ್ಟಿದ್ದೇ ಅಲ್ಲ. 1860ರ ಡಿಸೆಂಬರ್ 1ರಿಂದ 1861ರ ಆಗಸ್ಟ್ 3ರವರೆಗೆ, ಡಿಕನ್ಸ್ ತಾನೇ ನಡೆಸುತ್ತಿದ್ದ ‘ಆಲ್ ದ ಇಯರ್ ರೌಂಡ್’ ವಾರಪತ್ರಿಕೆಯಲ್ಲಿ 36 ಕಂತುಗಳಾಗಿ ಬಂತು. ಅವನು ವಾರದ ಅಳತೆಗೆ ಬರೆದ. ನಮ್ಮ ಮಕ್ಕಳೂ ವಾರದ ಅಳತೆಗೆ ಓದಲಿ.

ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಕಾದಂಬರಿ ಮನೆಮನೆಗೆ ತಲುಪಿದ್ದು ಬರೀ ಪ್ರತಿಭೆಯಿಂದಲ್ಲ, ಬೆಲೆಯಿಂದ ಕೂಡ. ಆಗ ಹೊಸ ಕಾದಂಬರಿಯೆಂದರೆ ಮೂರು ಸಂಪುಟ, ಒಟ್ಟು ಬೆಲೆ ಮೂವತ್ತೊಂದೂವರೆ ಶಿಲಿಂಗ್. ದುಡಿದು ತಿನ್ನುವವರ ಕೈಗೆ ಎಟುಕುವ ಮಾತಲ್ಲ. ಉಳ್ಳವರೂ ಬಹಳ ಮಂದಿ ಕೊಳ್ಳುತ್ತಿರಲಿಲ್ಲ. ಮ್ಯೂಡಿ ಎಂಬವನ ಬಾಡಿಗೆ ಗ್ರಂಥಾಲಯಕ್ಕೆ ವರ್ಷಕ್ಕೊಂದು ಗಿನಿ (ಇಪ್ಪತ್ತೊಂದು ಶಿಲಿಂಗ್) ಕಟ್ಟಿ, ಒಂದು ಸಲಕ್ಕೆ ಒಂದು ಸಂಪುಟ ತರುತ್ತಿದ್ದರು. ಈ ಲೆಕ್ಕವನ್ನು ಬುಡಮೇಲು ಮಾಡಿದ್ದು ಕಂತು. 1836ರ ಏಪ್ರಿಲ್‌ನಲ್ಲಿ ಡಿಕನ್ಸ್‌ನ ‘ಪಿಕ್‌ವಿಕ್ ಪೇಪರ್ಸ್’ ತಿಂಗಳಿಗೊಂದು ಶಿಲಿಂಗಿನ ಕಂತಾಗಿ ಶುರುವಾದಾಗ ಅಚ್ಚಾದದ್ದು ಸಾವಿರದಷ್ಟು ಪ್ರತಿ. 1837ರ ನವೆಂಬರ್‌ನಲ್ಲಿ ಮುಗಿಯುವ ಹೊತ್ತಿಗೆ 40,000ದ ಆಸುಪಾಸು. ‘ಆಲ್ ದ ಇಯರ್ ರೌಂಡ್’ ಪತ್ರಿಕೆಯ ಬೆಲೆ ಎರಡು ಪೆನ್ನಿ. ಮೂವತ್ತಾರು ವಾರಕ್ಕೆ ಎಪ್ಪತ್ತೆರಡು ಪೆನ್ನಿ, ಅಂದರೆ ಬರೀ ಆರು ಶಿಲಿಂಗ್. ಅದೇ ಕಾದಂಬರಿ 1861ರಲ್ಲಿ ಮೂರು ಸಂಪುಟವಾಗಿ ಬಂದಾಗ ಅದರ ಐದು ಪಟ್ಟಿಗೂ ಹೆಚ್ಚು. ವಾರಪತ್ರಿಕೆಯ ಧಾರಾವಾಹಿಯ ಹಾಳೆಗಳನ್ನು ಕತ್ತರಿಸಿ, ದಾರದಲ್ಲಿ ಹೊಲಿದು ಇಟ್ಟುಕೊಂಡ ಮನೆಗಳು ನಮ್ಮಲ್ಲೂ ಎಷ್ಟೋ ಇವೆ. ಅಂಥ ಹೊಲಿದ ಕಟ್ಟು ನಿಮ್ಮ ಮನೆಯ ಅಟ್ಟದಲ್ಲಿದ್ದರೆ ದಯವಿಟ್ಟು ಮಗುವಿನ ಕೈಗೆ ಕೊಡಿ. ನಮ್ಮ ನೂರು ಮಾತಿಗಿಂತ ಅದು ಬೇಗ ತಿಳಿಸುತ್ತದೆ.

ಪುಸ್ತಕ ಕೊಳ್ಳಬೇಡಿ. ಕೃತಿಸ್ವಾಮ್ಯ ಎಂದೋ ಮುಗಿದಿರುವುದರಿಂದ ಶಾಲೆಯೇ ಮುದ್ರಿಸಿ ಕೊಡುತ್ತದೆ. ಒಂದು ಕಂತಿಗೆ ಸರಾಸರಿ 5,100 ಪದ. ನಾಲ್ಕು ಎ4 ಹಾಳೆಗಳನ್ನು ಎರಡೂ ಮಗ್ಗುಲು ಅಚ್ಚು ಮಾಡಿ ನಡುವೆ ಮಡಚಿದರೆ ಹದಿನಾರು ಪುಟದ ಕಿರುಹೊತ್ತಗೆ. ಪ್ರತಿ ಶನಿವಾರ ಒಂದು. ದಯವಿಟ್ಟು ಅಂಚಿನಲ್ಲಿ ಸ್ಟೇಪಲ್ ಹೊಡೆಯಬೇಡಿ, ಪಂಚ್ ಮಾಡಿ ಫೈಲಿಗೂ ಹಾಕಬೇಡಿ. ಮಾರ್ಚ್‌ನಲ್ಲಿ ಹನ್ನೆರಡು ಹನ್ನೆರಡು ಕಂತು ಸೇರಿಸಿ, ಮಡಿಕೆಯ ಮೇಲೆ ಮೂರು ತೂತು ಮಾಡಿ ಹೊಲಿದು, ಮೂರು ಸಂಪುಟ ಕಟ್ಟಿಸುತ್ತೇವೆ. ಅಂಚು ಹಾಳಾದರೆ ಹೊಲಿಗೆ ಕೂರುವುದಿಲ್ಲ. ಮನೆಯಲ್ಲಿ ಈಗಾಗಲೇ ಪ್ರತಿ ಇದ್ದರೆ ಕೊನೆಯ ಅಧ್ಯಾಯದ ಸಂಖ್ಯೆ ನೋಡಿ: 59 ಇರಬೇಕು. ಕೆಲವು ಮುದ್ರಣಗಳಲ್ಲಿ ಸಂಪುಟಕ್ಕೊಮ್ಮೆ ಹೊಸದಾಗಿ ಎಣಿಸಿರುತ್ತಾರೆ. ಆಗ 19, 20, 20 ಎಂದು ಬರುತ್ತದೆ, ಅದೂ ಸರಿ. ಬೇರೆ ಏನಿದ್ದರೂ ಅದು ಸಂಕ್ಷಿಪ್ತ ಪ್ರತಿ, ಬೇಡ.

ನಿಮಿಷಕ್ಕೆ ನೂರು ಪದ ಓದುವ ಮಗುವಿಗೆ ಒಂದು ಕಂತು ಐವತ್ತು ನಿಮಿಷದ ಕೆಲಸ. ಒಂದೇ ಏಟಿಗೆ ಕೂರಿಸಬೇಡಿ. ಇಪ್ಪತ್ತು ನಿಮಿಷದಂತೆ ಮೂರು ದಿನ ಸಾಕು. ನಾಲ್ಕನೇ ದಿನ ಮಗು ನಿಮಗೆ ಆ ಕಂತಿನ ಕಥೆಯನ್ನು ಕನ್ನಡದಲ್ಲಿ, ಅಥವಾ ನಿಮ್ಮ ಮನೆಮಾತಿನಲ್ಲಿ ಹೇಳಲಿ. ನಿಮಗೆ ಇಂಗ್ಲಿಷ್ ಬರದಿದ್ದರೆ ಇನ್ನೂ ಒಳ್ಳೆಯದು, ಆಗ ಮಗು ನಿಜವಾಗಿ ಬಿಡಿಸಿ ಹೇಳಲೇಬೇಕಾಗುತ್ತದೆ. ಗಮಕದಲ್ಲಿ ಒಬ್ಬರು ವಾಚನ ಮಾಡಿ ಇನ್ನೊಬ್ಬರು ವ್ಯಾಖ್ಯಾನ ಮಾಡುವುದಿಲ್ಲವೇ, ಹಾಗೆ. ಡಿಕನ್ಸ್‌ನ ಕಾಲದಲ್ಲೂ ಓದು ಬಲ್ಲ ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಸುತ್ತ ಕೂತು ಕೇಳುವುದು ವಾಡಿಕೆಯೇ ಆಗಿತ್ತು.

ಮಕ್ಕಳು ಕೈಚೆಲ್ಲುವುದು ಹೆಚ್ಚಾಗಿ ಮೊದಲ ಮೂರು ಕಂತುಗಳಲ್ಲಿ, ಅದಕ್ಕೆ ಮುಖ್ಯ ಕಾರಣ ನಿಘಂಟು. ಸಾಲಿಗೆರಡು ಪದ ಹುಡುಕುತ್ತ ಹೋದರೆ ಮೂರನೇ ಪುಟದಲ್ಲಿ ಕಥೆಯ ಎಳೆಯೇ ಕೈತಪ್ಪುತ್ತದೆ. ಕಂತಿಗೆ ಐದು ಪದ ಮಾತ್ರ ಹುಡುಕಲಿ, ಉಳಿದವಕ್ಕೆ ಪೆನ್ಸಿಲ್ ಗೆರೆ ಸಾಕು. ಗೊತ್ತಿಲ್ಲದ ಪದಕ್ಕಿಂತ, ಗೊತ್ತಿದೆ ಎಂದುಕೊಂಡ ಪದ ಹೆಚ್ಚು ದಾರಿ ತಪ್ಪಿಸುತ್ತದೆ. ಮೊದಲ ಅಧ್ಯಾಯದಲ್ಲಿ ತಪ್ಪಿಸಿಕೊಂಡ ಕೈದಿಯೊಬ್ಬ ಪಿಪ್ ಎಂಬ ಹುಡುಗನನ್ನು ಹೆದರಿಸಿ ‘ಫೈಲ್’ ತರಲು ಹೇಳುತ್ತಾನೆ. ಅದು ಕಡತವಲ್ಲ, ಕಬ್ಬಿಣ ಉಜ್ಜುವ ಅರ. ಕಾಲಿನ ಬೇಡಿ ಕತ್ತರಿಸಲು. ಅವನು ಕೇಳುವ ‘ವಿಟಲ್ಸ್’ ಅಂದರೆ ಊಟ, ಉಚ್ಚಾರಣೆ ಹಳ್ಳಿಯವನದು. ‘ಹಲ್ಕ್ಸ್’ ಎಂದರೆ ಸೆರೆಮನೆಯಾಗಿ ಬಳಸುತ್ತಿದ್ದ ಹಳೇ ಹಡಗುಗಳು. ಪಿಪ್‌ನ ಭಾವ ಜೋ ಕಮ್ಮಾರ, ಆದ್ದರಿಂದ ‘ಫೋರ್ಜ್’ ಎಂದಲ್ಲೆಲ್ಲ ಕುಲುಮೆ. ನಿಮ್ಮ ಊರಿನಲ್ಲಿ ಇನ್ನೂ ಕುಲುಮೆ ಇದ್ದರೆ ಒಂದು ಭಾನುವಾರ ಮಗುವನ್ನು ಕರೆದುಕೊಂಡು ಹೋಗಿ ತಿದಿ, ಅಡೆಗಲ್ಲು ತೋರಿಸಿ. ಶೀರ್ಷಿಕೆಯ ‘ಎಕ್ಸ್‌ಪೆಕ್ಟೇಷನ್ಸ್’ ಕೂಡ ಬರೀ ನಿರೀಕ್ಷೆಯಲ್ಲ. ಮುಂದೆ ಕೈಸೇರಲಿರುವ ಆಸ್ತಿ ಎಂಬ ಅರ್ಥ ಅದಕ್ಕಿದೆ, ಕಥೆ ನಿಂತಿರುವುದೇ ಅದರ ಮೇಲೆ.

ಹಣದ ಲೆಕ್ಕ: ಹನ್ನೆರಡು ಪೆನ್ನಿಗೆ ಒಂದು ಶಿಲಿಂಗ್, ಇಪ್ಪತ್ತು ಶಿಲಿಂಗ್‌ಗೆ ಒಂದು ಪೌಂಡ್, ಇಪ್ಪತ್ತೊಂದಕ್ಕೆ ಒಂದು ಗಿನಿ. ಇಷ್ಟು ಗೋಡೆಗೆ ಅಂಟಿಸಿದರೆ ಸಾಕು.

ಮುಂದಿನ ಕಂತನ್ನು ಮೊದಲೇ ಹುಡುಕಿ ಕೊಡಬೇಡಿ, ಸಿನಿಮಾ ತೋರಿಸಬೇಡಿ. ಇದು ಬರೀ ಶಿಸ್ತಿನ ಮಾತಲ್ಲ. ಡಿಕನ್ಸ್‌ನ ಪತ್ರಿಕೆಯಲ್ಲಿ ಬರುತ್ತಿದ್ದ ಚಾರ್ಲ್ಸ್ ಲೀವರ್ ಎಂಬ ಲೇಖಕನ ಕಾದಂಬರಿ ಓದುಗರಿಗೆ ರುಚಿಸದೆ ಮಾರಾಟ ಇಳಿದಾಗ, ತಿಂಗಳ ಕಂತುಗಳಿಗೆಂದು ಯೋಚಿಸಿದ್ದ ಈ ಕಥೆಯನ್ನು ಡಿಕನ್ಸ್ ವಾರದ ಕಂತಿಗೆ ಒಗ್ಗಿಸಿದ. ಓದುಗ ಮುಂದಿನ ವಾರವೂ ಎರಡು ಪೆನ್ನಿ ಬಿಚ್ಚಬೇಕಿತ್ತು. ಎರಡನೇ ಕಂತು ಹೇಗೆ ನಿಲ್ಲುತ್ತದೆ ನೋಡಿ: ಕೈದಿಗಾಗಿ ಮನೆಯಿಂದ ಕದ್ದದ್ದು ಬಯಲಾಗುತ್ತದೆಂದು ಹೆದರಿ ಪಿಪ್ ಬಾಗಿಲಿಗೆ ಓಡಿದರೆ, ಎದುರಿಗೆ ಸಿಪಾಯಿಗಳು, ಒಬ್ಬನ ಕೈಯಲ್ಲಿ ಕೋಳ. ಅಲ್ಲಿಗೆ ಕಡಿತ. ಆ ಏಳು ದಿನದ ಚಡಪಡಿಕೆಯೂ ಕಾದಂಬರಿಯ ಭಾಗವೇ. ದೀಪಾವಳಿ ಕಳೆದ ಮೇಲೆ 39ನೇ ಅಧ್ಯಾಯ ಬರುತ್ತದೆ. ಅಲ್ಲಿನ ಗುಟ್ಟನ್ನು ಇಲ್ಲಿ ಬರೆಯುವುದಿಲ್ಲ. ನಿಮಗೆ ಗೊತ್ತಿದ್ದರೂ ಮಗುವಿನ ಮುಂದೆ ಬಾಯಿಬಿಡಬೇಡಿ.

ಕೆಲವು ಪುಟಗಳು ಕಠೋರವಾಗಿವೆ. ಪಿಪ್‌ನನ್ನು ಸಾಕುವ ಅಕ್ಕ ಅವನನ್ನು ಹೊಡೆಯುತ್ತಾಳೆ. 49ನೇ ಅಧ್ಯಾಯದಲ್ಲಿ ಬೆಂಕಿಯ ಅನಾಹುತವಿದೆ. ಬೆಂಕಿಯ ಅಥವಾ ಹೊಡೆತದ ನೋವು ಕಂಡ ಮಗು ನಿಮ್ಮ ಮನೆಯಲ್ಲಿದ್ದರೆ ನಮಗೆ ಮೊದಲೇ ತಿಳಿಸಿ, ಆ ಕಂತನ್ನು ಟೀಚರ್ ಜೊತೆಯಲ್ಲಿ ಕೂತು ಓದಿಸುತ್ತಾರೆ.

ಇವೆಲ್ಲಕ್ಕಿಂತ ನಮಗೆ ಮುಖ್ಯವೆನಿಸುವುದು ದಸರೆಯ ಆಸುಪಾಸಿಗೆ ಬರುವ 27ನೇ ಅಧ್ಯಾಯ. ಪಿಪ್ ಈಗ ಲಂಡನ್ನಿನಲ್ಲಿ ದೊಡ್ಡ ಮನುಷ್ಯ. ಅವನನ್ನು ಎತ್ತಿ ಆಡಿಸಿದ ಜೋ ನೋಡಲು ಬರುತ್ತಾನೆ. ಟೋಪಿ ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಾನೆ, ಅದು ಮತ್ತೆ ಮತ್ತೆ ಬೀಳುತ್ತದೆ, ತಾನು ಬೆಳೆಸಿದ ಹುಡುಗನನ್ನೇ ‘ಸರ್’ ಎನ್ನುತ್ತಾನೆ. ಪಿಪ್‌ಗೆ ನಾಚಿಕೆ. ದುಡ್ಡು ಕೊಟ್ಟಾದರೂ ಅವನು ಬಾರದಂತೆ ತಡೆಯಬಹುದಿತ್ತೆ ಎಂದುಕೊಳ್ಳುತ್ತಾನೆ. ಶಾಲೆಯ ಗೇಟಿನಿಂದ ದೂರದಲ್ಲೇ ಇಳಿಸಿ ಎಂದು ಅಪ್ಪನಿಗೆ ಹೇಳುವ ವಯಸ್ಸಿನ ಮಕ್ಕಳು ಇದನ್ನು ಓದಲಿದ್ದಾರೆ. ಆ ವಾರ ಪ್ರಶ್ನೋತ್ತರವಿಲ್ಲ, ಅಂಕವಿಲ್ಲ. ಆ ವಾರ ಕಥೆ ಕೇಳಲು ಅಪ್ಪ ಅಮ್ಮ ಇಬ್ಬರೂ ಕೂತರೆ ಒಳ್ಳೆಯದು. ಕೇಳಿ, ಆದರೆ ಬುದ್ಧಿ ಹೇಳಲು ಹೋಗಬೇಡಿ. ಮಗು ಸುಮ್ಮನಾದರೆ ಸುಮ್ಮನಿರಲಿ.

ಅರ್ಧವಾರ್ಷಿಕ ಪರೀಕ್ಷೆಯ ಎರಡು ಶನಿವಾರ ಕಂತು ಇರುವುದಿಲ್ಲ. ಹೀಗಾಗಿ 36ನೆಯದು ಫೆಬ್ರವರಿ ಕೊನೆಯ ಶನಿವಾರ ಕೈಸೇರುತ್ತದೆ. ಗೆಳೆಯ ಬುಲ್ವರ್ ಲಿಟ್ಟನ್‌ನ ಮಾತು ಕೇಳಿ ಡಿಕನ್ಸ್ ಅಚ್ಚಿಗೆ ಮುನ್ನ ಕಥೆಯ ಕೊನೆಯನ್ನು ಬದಲಿಸಿದ್ದ. ಕಂತಿನಲ್ಲಿ ಇರುವುದು ಬದಲಿಸಿದ ಕೊನೆ. ಮೊದಲು ಬರೆದದ್ದು ಒಂದೇ ಹಾಳೆಯಲ್ಲಿ ಹಿಡಿಸುವಷ್ಟು ಚಿಕ್ಕದು. ಅದನ್ನು ಸೋಮವಾರ ತರಗತಿಯಲ್ಲಿ ಹಂಚುತ್ತೇವೆ. ಎರಡರಲ್ಲಿ ಯಾವುದು ಸರಿ ಎಂದು ಮಗು ಮನೆಯಲ್ಲಿ ವಾದಿಸಿದರೆ, ನಿಮ್ಮ ಅಭಿಪ್ರಾಯವನ್ನೂ ಎರಡು ಸಾಲು ಬರೆದು ಕಳಿಸಿ. ಮೂರನೇ ಸಂಪುಟದ ಕೊನೆಗೆ ಆ ಚೀಟಿಗಳನ್ನೂ ಸೇರಿಸಿ ಹೊಲಿಯುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು