ನನ್ನ ಮಗನ ಮೇಲೆ ಹೊರಿಸಿದ ತಪ್ಪನ್ನು ವಾಪಸ್ ತಗೊಳ್ಳಿ

ಇವರಿಗೆ,
ಮ್ಯಾನೇಜರ್ ಅವರು,
ಕಂಪ್ಯೂಟರ್ ಮಾರಾಟ ಮತ್ತು ಸರ್ವಿಸ್ ಸೆಂಟರ್,
ಕಲಬುರಗಿ

ವಿಷಯ: ರಿಪೇರಿಗೆ ಕೊಟ್ಟ ಕಂಪ್ಯೂಟರ್‌ಗೆ ಜಾಹೀರಾತು ಸಾಫ್ಟ್‌ವೇರ್ ಹಾಕಿ ಕಳಿಸಿದ್ದು, ಅದರ ತಪ್ಪನ್ನು ನಮ್ಮ ಮನೆಯವರ ಮೇಲೆ ಹೊರಿಸಿದ್ದು.

ಮಾನ್ಯರೇ,

ಐದು ಸಲ ಫೋನ್ ಮಾಡಿದೆ. ಐದೂ ಸಲ "ನಾಳೆ ಹುಡುಗನ್ನ ಕಳಿಸ್ತೀವ್ರಿ" ಅಂದಿರಿ. ಯಾರೂ ಬರಲಿಲ್ಲ. ಇನ್ನು ಫೋನ್ ಮಾಡುವುದಿಲ್ಲ, ಅದಕ್ಕೇ ಈ ಪತ್ರ.

ಮಾರ್ಚ್ 12ರಂದು ನಮ್ಮ ಮನೆಯ ಕಂಪ್ಯೂಟರ್ ನಿಮ್ಮಲ್ಲಿ ಕೊಟ್ಟೆ. ಬಹಳ ಸ್ಲೋ ಆಗಿತ್ತು. ವೇಗದ ಡಿಸ್ಕ್ ಆದ ಎಸ್‌ಎಸ್‌ಡಿ ಹಾಕಿ, ಹೊಸದಾಗಿ ವಿಂಡೋಸ್ ಹಾಕಿ 14ರ ಸಂಜೆ ವಾಪಸ್ ಕೊಟ್ಟಿರಿ. ಹೇಳಿದಷ್ಟು ದುಡ್ಡು ಅಲ್ಲೇ ಕಟ್ಟಿದೆ. ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಶಿಕ್ಷಣ ಇಲಾಖೆಯ ಸ್ಯಾಟ್ಸ್ ಜಾಲತಾಣದಲ್ಲಿ ಮಕ್ಕಳ ವಿವರ ತುಂಬುವ ಕೆಲಸ ಎಷ್ಟೋ ಸಲ ರಾತ್ರಿ ಮನೆಯಲ್ಲೇ ಮುಗಿಸುತ್ತೇನೆ. ಮಗ ಎಸ್ಸೆಸ್ಸೆಲ್ಸಿ. ಗಣಿತದ ಪಾಠ ಅದರಲ್ಲೇ ನೋಡುತ್ತಿದ್ದ.

ಮಾರನೇ ದಿನವೇ ಶುರುವಾಯಿತು. ಪರದೆಯ ಬಲಗಡೆ ಮೂಲೆಯಲ್ಲಿ ಒಂದರ ಹಿಂದೆ ಒಂದು ಜಾಹೀರಾತು. ರಮ್ಮಿ ಆಟ, ತೂಕ ಇಳಿಸುವ ಪುಡಿ, ಅರೆಬಟ್ಟೆಯ ಹೆಂಗಸರ ಫೋಟೋ. ವೈರಸ್ ಬಂದಿದೆ, ಇಲ್ಲಿ ಒತ್ತಿ ಅಂತ ಕೆಂಪು ಪೆಟ್ಟಿಗೆ. ಗೂಗಲ್‌ನಲ್ಲಿ ಏನು ಹುಡುಕಿದರೂ ಹೆಸರೇ ಕೇಳದ ಇನ್ಯಾವುದೋ ಪುಟಕ್ಕೆ ಹೋಗುತ್ತಿತ್ತು.

18ರಂದು ಆಟೋದಲ್ಲಿ ಸಿಪಿಯು ಇಟ್ಟುಕೊಂಡು ನಿಮ್ಮಲ್ಲಿಗೆ ಬಂದೆ. ಅವತ್ತು ಆದದ್ದನ್ನು ಪೂರ್ತಿ ಬರೆಯುತ್ತೇನೆ. ಯಾಕೆಂದರೆ ಫೋನಿನಲ್ಲಿ ನೀವು "ನಮ್ಮ ಹುಡುಗ ಹಂಗ ಅಂದೇ ಇಲ್ರೀ" ಅಂದಿದ್ದೀರಿ.

ಸಂಜೆ ಆರೂವರೆ. ಕೌಂಟರ್ ಮುಂದೆ ಆರೇಳು ಜನ. ಅವರಲ್ಲಿ ಒಬ್ಬರು ನಮ್ಮ ಶಾಲೆಯ ಮೂರನೇ ತರಗತಿ ಹುಡುಗಿಯ ತಂದೆ. ನನ್ನನ್ನು ನೋಡಿ "ನಮಸ್ಕಾರ್ರೀ ಟೀಚರ್" ಅಂದು ಕೂರಲು ಸ್ಟೂಲ್ ಬಿಟ್ಟುಕೊಟ್ಟಿದ್ದರು. ನಿಮ್ಮ ಟೆಕ್ನಿಷಿಯನ್ ಒಳಗಿನ ಟೇಬಲ್‌ಗೆ ಹೋಗಲಿಲ್ಲ. ಗಿರಾಕಿಗಳ ಕಡೆ ಮುಖ ಮಾಡಿದ್ದ ದೊಡ್ಡ ಮಾನಿಟರ್‌ಗೇ ವೈರ್ ಚುಚ್ಚಿದರು. ಬ್ರೌಸರ್ ತೆರೆದ ಕೂಡಲೇ ಆ ಹೆಂಗಸಿನ ಫೋಟೋ. ಅದನ್ನು ಮುಚ್ಚಲೂ ಇಲ್ಲ. ಹಾಗೇ ಬಿಟ್ಟು ನನ್ನ ಕಡೆ ತಿರುಗಿದರು.

"ಮೇಡಂ, ಮನ್ಯಾಗ ದೊಡ್ಡ ಹುಡುಗ್ರು ಯಾರರೆ ಇದ್ದಾರೇನ್ರಿ?"

"ಮಗ ಇದ್ದಾನ. ಎಸ್ಸೆಸ್ಸೆಲ್ಸಿ."

ಅವರು ಪಕ್ಕದ ಟೇಬಲ್‌ನವನ ಮುಖ ನೋಡಿ ನಕ್ಕರು. "ಹಂಗಾದ್ರ ಕೇಳೋದೇ ಬ್ಯಾಡ ಬಿಡ್ರಿ. ನೋಡಬಾರದ್ದು ನೋಡಿದ್ರ ಇಂಥಾವೇ ಬರ್ತಾವ."

"ಅವನು ಪಾಠ ನೋಡ್ತಾನ್ರೀ, ಬ್ಯಾರೆ ಏನೂ ನೋಡಂಗಿಲ್ಲ" ಅಂದೆ.

"ಎಲ್ಲಾ ತಾಯಂದ್ರೂ ಹಿಂಗೇ ಅಂತಾರ್ರೀ ಮೇಡಂ. ಸ್ವಲ್ಪ ಲಕ್ಷ್ಯ ಇಡ್ರಿ ಮಗನ ಮ್ಯಾಲ. ಸಾಲಿ ಮಕ್ಕಳಿಗೆ ಬುದ್ಧಿ ಹೇಳೋರು ನೀವು."

ಅಂಗಡಿಗೆ ಅಂಗಡಿಯೇ ಕೇಳುವ ಹಾಗೆ ಹೇಳಿದರು. ಆ ಹುಡುಗಿಯ ತಂದೆ ನೆಲ ನೋಡುತ್ತ ನಿಂತರು. ನನಗೆ ಮಾತೇ ಹೊರಡಲಿಲ್ಲ. ಕ್ಲೀನ್ ಮಾಡಿದ್ದಕ್ಕೆ ಅಂತ 850 ರೂಪಾಯಿ ಕೇಳಿದರು, ಫೋನ್‌ಪೇ ಮಾಡಿ ಎದ್ದು ಬಂದೆ.

ಮನೆಗೆ ಬಂದು ಮಗನನ್ನು ಕೇಳಿದೆ. "ಇಲ್ಲವ್ವಾ, ಆಣೆ ಮಾಡ್ತೀನಿ" ಅಂದ. ನಾನು ನಂಬಲಿಲ್ಲ. ಪರೀಕ್ಷೆ ಹತ್ತಿರ ಬಂದಿತ್ತು. ಆದರೂ ಕೀಬೋರ್ಡ್ ಕಿತ್ತು ಅಲ್ಮಾರಿಯ ಮೇಲಿಟ್ಟೆ. ಪಾಠ ನೋಡಲು ಅವನು ಮಧ್ಯಾಹ್ನದ ಬಿಸಿಲಲ್ಲಿ ಸೈಕಲ್ ತುಳಿದು ಗೆಳೆಯನ ಮನೆಗೆ ಹೋಗುತ್ತಿದ್ದ. ಕಲಬುರಗಿ ಬಿಸಿಲು ಎಂಥದ್ದು ಅಂತ ನಿಮಗೂ ಗೊತ್ತು. ಎರಡು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

22ಕ್ಕೆ ಜಾಹೀರಾತು ಮತ್ತೆ ಬಂದವು. ಆ ನಾಲ್ಕು ದಿನ ಕಂಪ್ಯೂಟರ್ ಮುಟ್ಟಿದ್ದು ನಾನೊಬ್ಬಳೇ. ಆಗಲೇ ನನಗೆ ಎದೆ ಧಸಕ್ ಅಂದಿದ್ದು. ನೀವು ಹೇಳಿದ್ದು ನಿಜ ಅಲ್ಲ ಅಂತ ಅವತ್ತೇ ಗೊತ್ತಾಯಿತು.

ಪರೀಕ್ಷೆ ಮುಗಿದ ಮೇಲೆ ಮಗ ಕೀಬೋರ್ಡ್ ಕೊಡು ಅಂದ. ಕೊಟ್ಟು ಪಕ್ಕದಲ್ಲೇ ಕೂತೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪ್ರೋಗ್ರಾಂಗಳ ಪಟ್ಟಿ ತೆರೆದು, ಹಾಕಿದ ತಾರೀಕಿನ ಪ್ರಕಾರ ಜೋಡಿಸಿದ. "ಅವ್ವಾ, ತಾರೀಕು ನೋಡಿಲ್ಲಿ" ಅಂದ. ನಾವು ಕೇಳದ ಎರಡು ಪ್ರೋಗ್ರಾಂ. ಎರಡರ ಮುಂದೆಯೂ ಮಾರ್ಚ್ 13. ಡೌನ್‌ಲೋಡ್ ಫೋಲ್ಡರ್‌ನಲ್ಲಿ ಪುಕ್ಕಟೆ ಪಿಡಿಎಫ್ ಸಾಫ್ಟ್‌ವೇರ್‌ನ ಫೈಲ್ ಹಾಗೇ ಬಿದ್ದಿತ್ತು. ಮಾರ್ಚ್ 13, ಸಂಜೆ 4 ಗಂಟೆ 12 ನಿಮಿಷ. ಆ ಹೊತ್ತಿಗೆ ನಮ್ಮ ಕಂಪ್ಯೂಟರ್ ಎಲ್ಲಿತ್ತು? ರಿಪೇರಿಗೆ ತಗೊಂಡಾಗ ನೀವು ಬರೆದ ಜಾಬ್ ಕಾರ್ಡ್ ನೋಡಿಕೊಳ್ಳಿ.

ಇಂಥ ಪುಕ್ಕಟೆ ಸಾಫ್ಟ್‌ವೇರ್ ಜೊತೆ ಜಾಹೀರಾತಿನದ್ದೂ ಸೇರಿಕೊಂಡು ಬರುತ್ತದೆ. ಮೊದಲೇ ಟಿಕ್ ಹಾಕಿಟ್ಟಿರುತ್ತಾರೆ. ಓದದೆ ನೆಕ್ಸ್ಟ್, ನೆಕ್ಸ್ಟ್ ಒತ್ತಿದರೆ ಅದೂ ಒಳಗೆ ಬರುತ್ತದೆ. ಒತ್ತಿದ್ದು ನಿಮ್ಮವರು. ಯಾವ ಜಾಹೀರಾತಿಗೆ ದುಡ್ಡು ಬರುತ್ತದೋ ಅದನ್ನು ಅದು ಯಾರ ಮನೆಯಲ್ಲಾದರೂ ತೋರಿಸುತ್ತದೆ, ಮನೆಯ ಹುಡುಗ ಏನು ನೋಡಿದ ಅಂತ ಕಾಯುವುದಿಲ್ಲ. 2014ರಲ್ಲಿ ಲೆನೊವೊದ ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲೇ ಸೂಪರ್‌ಫಿಶ್ ಅನ್ನುವ ಇಂಥದ್ದೇ ಸಾಫ್ಟ್‌ವೇರ್ ಬಂದಿತ್ತು. 2015ರ ಫೆಬ್ರವರಿಯಲ್ಲಿ ಗದ್ದಲ ಆದ ಮೇಲೆ ತೆಗೆಯುವ ಟೂಲ್ ಅನ್ನು ಕಂಪನಿಯೇ ಕೊಟ್ಟಿತು. ಆ ಲ್ಯಾಪ್‌ಟಾಪ್ ಕೊಂಡವರೆಲ್ಲ ಕೆಟ್ಟದ್ದು ನೋಡಿದ್ದರೇನು? ಇದೇ ನಿಮ್ಮ ಕಸುಬು, ನಿಮಗೆ ಇಷ್ಟು ಗೊತ್ತಿರಬೇಕಿತ್ತು.

ಮಗ ಎರಡೂ ಪ್ರೋಗ್ರಾಂ ಅನ್‌ಇನ್‌ಸ್ಟಾಲ್ ಮಾಡಿದ. ಕ್ರೋಮ್‌ನಲ್ಲಿ ಒಂದು ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಸೇರಿಸುವ ಸಣ್ಣ ಪ್ರೋಗ್ರಾಂ) ತೆಗೆಯಲು ಬರುತ್ತಿರಲಿಲ್ಲ, ಇದನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ ಅಂತ ತೋರಿಸುತ್ತಿತ್ತು. ಮನೆಯ ಕಂಪ್ಯೂಟರ್‌ಗೆ ಯಾವ ಸಂಸ್ಥೆ? ಕಂಪ್ಯೂಟರ್ ತಾನಾಗೇ ಮಾಡುವ ಕೆಲಸಗಳ ಪಟ್ಟಿ ಇರುವ ಟಾಸ್ಕ್ ಶೆಡ್ಯೂಲರ್‌ನಲ್ಲಿ, ಪ್ರತಿ ಸಲ ಲಾಗಿನ್ ಆದಾಗ ಅದನ್ನೇ ಮತ್ತೆ ಎಬ್ಬಿಸುವ ಒಂದು ಸಾಲು ಸಿಕ್ಕಿತು. ನೀವು ಕ್ಲೀನ್ ಮಾಡಿದರೂ ಯಾಕೆ ವಾಪಸ್ ಬಂತು ಅಂತ ಆಗ ತಿಳಿಯಿತು. ಬೇರು ಬಿಟ್ಟು ಎಲೆ ಕಿತ್ತಿದ್ದೀರಿ. ಆ ಸಾಲು ಅಳಿಸಿ, ಮಾಲ್‌ವೇರ್‌ಬೈಟ್ಸ್ ಕಂಪನಿಯ ಸೈಟಿನಿಂದಲೇ ಜಾಹೀರಾತು ಸಾಫ್ಟ್‌ವೇರ್ ತೆಗೆಯುವ ಆಡ್‌ಡಬ್ಲ್ಯೂಕ್ಲೀನರ್ ಇಳಿಸಿ ಓಡಿಸಿದ. ಕ್ರೋಮ್ ರೀಸೆಟ್ ಮಾಡಿದ. ಕೊನೆಗೆ ವಿಂಡೋಸ್ ಸೆಕ್ಯುರಿಟಿಯ ಆಫ್‌ಲೈನ್ ಸ್ಕ್ಯಾನ್, ಅಂದರೆ ವಿಂಡೋಸ್ ಪೂರ್ತಿ ಶುರುವಾಗುವ ಮೊದಲೇ ನಡೆಯುವ ತಪಾಸಣೆ. ಒಂದು ಸಂಜೆಯ ಕೆಲಸ, ಒಂದು ಪೈಸೆ ಖರ್ಚಿಲ್ಲ. ಅವತ್ತಿನಿಂದ ಒಂದೂ ಜಾಹೀರಾತು ಬಂದಿಲ್ಲ.

ಗಿರಾಕಿಯ ಒಪ್ಪಿಗೆ ಇಲ್ಲದೆ ಬೇರೆ ಸಾಫ್ಟ್‌ವೇರ್ ಹಾಕುವುದಿಲ್ಲ ಅಂತ ನಿಮ್ಮ ಜಾಬ್ ಕಾರ್ಡ್ ಹಿಂದೆ ನೀವೇ ಅಚ್ಚು ಹಾಕಿಸಿದ್ದೀರಿ. ಆ ನಿಯಮ ಮುರಿದವರು ನೀವು. ನನ್ನ 850 ರೂಪಾಯಿ ವಾಪಸ್ ಕೊಡಿ. ತಪ್ಪು ನಿಮ್ಮ ಅಂಗಡಿಯಲ್ಲಿ ಆಯಿತು ಅಂತ ನನ್ನ ಮಗನ ಹೆಸರಿಗೆ ಪತ್ರ ಬರೆದು ಸಹಿ, ಸೀಲು ಹಾಕಿ ಕೊಡಿ. ನಾನು ಅವನ ಕ್ಷಮೆ ಕೇಳಿ ಆಗಿದೆ. ನಿಮ್ಮದು ಬಾಕಿ ಇದೆ.

15 ದಿನ ಕಾಯುತ್ತೇನೆ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗುತ್ತೇನೆ. 5 ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವೂ ಇಲ್ಲ. ತಾರೀಕು ಕಾಣುವ ಫೋಟೋಗಳು, ಜಾಬ್ ಕಾರ್ಡ್, ಫೋನ್‌ಪೇ ರಸೀದಿ ಎಲ್ಲ ತೆಗೆದಿಟ್ಟಿದ್ದೇನೆ.

ಅದಕ್ಕೂ ಮೊದಲು ಬರುವ ಶನಿವಾರ ಸಂಜೆ ಆರೂವರೆಗೆ ಮಗನನ್ನು ಕರೆದುಕೊಂಡು ನಿಮ್ಮ ಕೌಂಟರ್‌ಗೆ ಬರುತ್ತೇನೆ. ಆ ಟೆಕ್ನಿಷಿಯನ್ ಅಲ್ಲೇ ಇರಬೇಕು. ಅವತ್ತು ಎಷ್ಟು ಜೋರಾಗಿ ಹೇಳಿದರೋ, ಅಷ್ಟೇ ಜೋರಾಗಿ ಅವನ ಎದುರಿಗೆ ತಪ್ಪಾಯಿತು ಅನ್ನಬೇಕು. ಅಲ್ಲಿವರೆಗೆ ನಾನು ಆ ಸ್ಟೂಲ್ ಬಿಟ್ಟು ಏಳುವುದಿಲ್ಲ.

ಇಂತಿ,
ನಿಮ್ಮ ಗ್ರಾಹಕಿ