ಪದವಿಯ ಹೆಸರಲ್ಲ, ಮೂರನೇ ಸೆಮಿಸ್ಟರ್ ನೋಡಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಯಾವ ಪದವಿ ಓದಿದರೆ ಎಷ್ಟು ಸಂಬಳ ಅಂತ ಒಂದು ದೊಡ್ಡ ಪಟ್ಟಿ ಹಾಕಿದ್ದಿರಿ. ನಮ್ಮ ಸ್ಟಾಫ್ ರೂಮಿನಲ್ಲಿ ಆ ಪುಟ ಮೂರು ದಿನ ಕೈಯಿಂದ ಕೈಗೆ ಓಡಾಡಿತು. ಅದನ್ನು ಎದುರಿಗಿಟ್ಟುಕೊಂಡು ಒಂದಷ್ಟು ಮನೆಗಳಲ್ಲಿ ಅರ್ಜಿ ತುಂಬುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಅದಕ್ಕೇ ಈ ಪತ್ರ.

ನಾನು 22 ವರ್ಷದಿಂದ ಸಂಖ್ಯಾಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಅದೇ ಬೇಕು ಅಂತ ಆರಿಸಿಕೊಂಡು ಬಂದವರು ನನ್ನ ಕ್ಲಾಸಿನಲ್ಲಿ ಕಮ್ಮಿ. ಮನಃಶಾಸ್ತ್ರ, ಅರ್ಥಶಾಸ್ತ್ರ, ಜೀವಶಾಸ್ತ್ರ, ಮ್ಯಾನೇಜ್‌ಮೆಂಟ್ ಓದಲು ಹೊರಟವರಿಗೆ ನಾನು ದಾರಿಯಲ್ಲಿ ಅಡ್ಡ ಸಿಗುವವಳು. ‘ಇವರ್ಯಾಕೆ ಇಲ್ಲಿ?’ ಎಂಬ ಮುಖಗಳನ್ನು ಪ್ರತಿ ವರ್ಷ ನೋಡುತ್ತೇನೆ. ಪದವಿ ಆರಿಸುವಾಗ ಮಕ್ಕಳು ಎಲ್ಲಿ ಎಡವಿದರು ಅನ್ನುವುದು ನಾನು ನಿಂತ ಜಾಗದಿಂದ ಚೆನ್ನಾಗಿಯೇ ಕಾಣುತ್ತದೆ.

ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಮನಃಶಾಸ್ತ್ರದ ಎರಡನೇ ಸೆಮಿಸ್ಟರ್. ಬೋರ್ಡಿನ ಮೇಲೆ ನಾನು ಟಿ-ಟೆಸ್ಟ್ ಲೆಕ್ಕ, ಅಂದರೆ ಎರಡು ಗುಂಪುಗಳ ಸರಾಸರಿ ನಿಜಕ್ಕೂ ಬೇರೆಯಾ ಅಂತ ನೋಡುವ ಲೆಕ್ಕ, ಮಾಡಿ ತೋರಿಸುತ್ತಿದ್ದೆ. ಎದುರಿನ ಬೆಂಚಿನಲ್ಲಿದ್ದ ಅವಳು ಕ್ಯಾಲ್ಕುಲೇಟರಿನ ಮುಚ್ಚಳವನ್ನು ಟಪ್ ಅಂತ ಮುಚ್ಚಿದಳು. ‘ಮೇಡಂ, ಇದೆಲ್ಲ ಸರಿ. ಮನಸ್ಸು ಯಾವ ಸೆಮಿಸ್ಟರಿಗೆ ಬರುತ್ತೆ?’ ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ. ಆದರೆ ಅವಳು ತಮಾಷೆಗೆ ಕೇಳಿರಲಿಲ್ಲ. ಗೆಳತಿಯರೆಲ್ಲ ತಮ್ಮ ಗೋಳು ತೋಡಿಕೊಳ್ಳುತ್ತಿದ್ದುದು ಅವಳ ಹತ್ತಿರವೇ. ‘ನೀನು ಸೈಕಾಲಜಿ ತಗೋ’ ಅಂತ ಎಲ್ಲರೂ ಹೇಳಿದ್ದರು, ತಗೊಂಡಳು. ಆ ಪದವಿಯಲ್ಲಿ ಪ್ರಯೋಗ, ಪ್ರಶ್ನಾವಳಿ, ಅಂಕಿಅಂಶ, ಮೆದುಳು ನರಗಳ ಪಾಠ ಇಷ್ಟೊಂದು ಇರುತ್ತದೆ ಅಂತ ಒಬ್ಬರೂ ಹೇಳಿರಲಿಲ್ಲ. ಪದವಿ ಮುಗಿದ ಮಾತ್ರಕ್ಕೆ ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ, ಅದಕ್ಕೆ ಮುಂದೆ ಇನ್ನೂ ಓದು, ತರಬೇತಿ ಬೇಕು ಅಂತಲೂ ಹೇಳಿರಲಿಲ್ಲ.

ಇದು ಅವಳೊಬ್ಬಳ ಕಥೆಯಲ್ಲ. ಗೇಮ್ ಆಡುವುದು ಇಷ್ಟ ಅಂತ ಕಂಪ್ಯೂಟರ್ ಸೈನ್ಸ್ ಸೇರಿದವನಿಗೆ ಡಿಸ್ಕ್ರೀಟ್ ಗಣಿತ, ಅಲ್ಗಾರಿದಮ್, ಆಟೊಮ್ಯಾಟಾ ಸಿದ್ಧಾಂತ ಎದುರಾಗುತ್ತವೆ. ದೇಶದ ಹಣಕಾಸಿನ ಸುದ್ದಿ ಓದಿ ಖುಷಿಪಡುವವಳು ಅರ್ಥಶಾಸ್ತ್ರ ಸೇರಿದರೆ ಕ್ಯಾಲ್ಕುಲಸ್ ಇಲ್ಲದೆ ಎರಡು ಹೆಜ್ಜೆ ಮುಂದೆ ಹೋಗಲಾಗದು. ವಾದ ಮಾಡುವುದರಲ್ಲಿ ಎತ್ತಿದ ಕೈ ಅಂತ ಕಾನೂನಿಗೆ ಹೋದವರು ಬಾಯಿ ತೆಗೆಯುವ ಮುಂಚೆ ನೂರಾರು ಪುಟಗಳ ತೀರ್ಪು ಓದಬೇಕು. ಇವೆಲ್ಲ ಕೆಟ್ಟ ವಿಷಯಗಳು ಅಂತ ನಾನು ಹೇಳುತ್ತಿಲ್ಲ. ಇವು ಅಲ್ಲಿರುತ್ತವೆ ಅಂತ ಮೊದಲೇ ಗೊತ್ತಿರಬೇಕು, ಅಷ್ಟೇ. ಗೊತ್ತಾಗುವುದು ಕಷ್ಟವೂ ಅಲ್ಲ. ಬಹುತೇಕ ವಿಶ್ವವಿದ್ಯಾಲಯಗಳು ಸಿಲಬಸ್ ಅನ್ನು ಎಲ್ಲರಿಗೂ ಕಾಣುವಂತೆ ಇಟ್ಟಿರುತ್ತವೆ. ಮೊದಲ ವರ್ಷದ್ದು ನೋಡಬೇಡಿ. ಅದು ಭಾಷೆ, ಪರಿಚಯದ ಪೇಪರುಗಳಿಂದ ತುಂಬಿದ್ದು, ಎಲ್ಲ ಕೋರ್ಸೂ ಒಂದೇ ಥರ ಕಾಣುತ್ತದೆ. ಮೂರನೇ ಸೆಮಿಸ್ಟರಿನದು ತೆಗೆಯಿರಿ. ಅದರಲ್ಲಿ ಹೇಳಿರುವ ಒಂದು ಪುಸ್ತಕವನ್ನು ಲೈಬ್ರರಿಯಲ್ಲಿ ಹುಡುಕಿ ನಡುವಿನ ಒಂದು ಅಧ್ಯಾಯ ಓದಿ. ಅರ್ಥವಾಗದಿದ್ದರೆ ಪರವಾಗಿಲ್ಲ, ಅರ್ಥ ಮಾಡಿಸಲು ನಾವಿದ್ದೇವೆ. ಅರ್ಥವಾಗದಿದ್ದರೂ ಮುಂದಿನ ಪುಟ ತಿರುಗಿಸಬೇಕು ಅನಿಸಿತಾ, ಅದನ್ನು ನೋಡಿಕೊಳ್ಳಿ.

ಈಗ ನಿಮ್ಮ ಸಂಬಳದ ಪಟ್ಟಿಗೆ ಬರುತ್ತೇನೆ. ಬೇಸರ ಮಾಡಿಕೊಳ್ಳಬೇಡಿ, ಇದು ನನ್ನ ವೃತ್ತಿದೋಷ. ಪಟ್ಟಿಯಲ್ಲಿರುವುದು ಸರಾಸರಿ. ಹತ್ತು ಜನರ ಒಂದು ಬ್ಯಾಚ್ ಇದೆ ಅಂದುಕೊಳ್ಳಿ. ಒಂಬತ್ತು ಜನಕ್ಕೆ ತಲಾ 10, ಒಬ್ಬರಿಗೆ 110 ಸಿಕ್ಕಿತು. ಸರಾಸರಿ 20. ಆ ಬ್ಯಾಚಿನಲ್ಲಿ 20 ತಗೊಂಡವರು ಒಬ್ಬರೂ ಇಲ್ಲ! ಎಲ್ಲರನ್ನೂ ಸಂಬಳದ ಸಾಲಿನಲ್ಲಿ ನಿಲ್ಲಿಸಿ ನಡುವೆ ನಿಂತವರನ್ನು ಕೇಳಿದರೆ 10 ಅನ್ನುತ್ತಾರೆ. ಅದು ಮಧ್ಯಾಂಕ, ಓದುಗರಿಗೆ ಬೇಕಾದದ್ದೂ ಅದೇ. ಇನ್ನೊಂದು ಮಾತು. ಇಂಥ ಸಮೀಕ್ಷೆಗೆ ಉತ್ತರ ಬರೆಯುವವರು ಯಾರು? ಒಳ್ಳೆಯ ಕೆಲಸ ಸಿಕ್ಕವರು ಖುಷಿಯಿಂದ ಬರೆಯುತ್ತಾರೆ. ಕೆಲಸ ಹುಡುಕುತ್ತಿರುವವರು ಆ ಫಾರ್ಮನ್ನು ತೆರೆಯುವುದೇ ಅನುಮಾನ. ನಡುವೆಯೇ ಕೋರ್ಸ್ ಬಿಟ್ಟವರಂತೂ ಲೆಕ್ಕದಲ್ಲೇ ಇಲ್ಲ. ಸಾಲದ್ದಕ್ಕೆ ಇದು ಎಂದೋ ಓದಿ ಮುಗಿಸಿದವರ ಸಂಬಳ. ಈ ವರ್ಷ ಸೇರುವ ಮಗು ಹೊರಬರುವುದು ಮೂರು, ನಾಲ್ಕು, ಕೆಲವು ಕೋರ್ಸುಗಳಲ್ಲಿ ಐದು ವರ್ಷ ಬಿಟ್ಟು.

ಹಾಗಂತ ಕೆಲಸದ ಯೋಚನೆಯೇ ಬೇಡ, ಮನಸ್ಸಿಗೆ ಬಂದದ್ದು ಓದಿ ಅನ್ನುವ ಉಪದೇಶವೂ ನನಗೆ ಹಿಡಿಸುವುದಿಲ್ಲ. ಹೊಟ್ಟೆ ತುಂಬಿದವರು ಹೇಳುವ ಮಾತು ಅದು. ‘ಸ್ಕೋಪ್ ಇದೆಯಾ?’ ಅಂತ ಅಪ್ಪ ಅಮ್ಮ ಕೇಳುವುದರಲ್ಲಿ ತಪ್ಪೇನಿಲ್ಲ. ಅದರ ಜೊತೆ ಇನ್ನೊಂದನ್ನೂ ಕೇಳಬೇಕು: ಈ ಕೆಲಸಕ್ಕೆ ಇಂಥದ್ದೇ ಪದವಿ ಬೇಕು ಅಂತ ಕಾನೂನು ಇದೆಯಾ, ಇಲ್ವಾ? ವೈದ್ಯರು, ಪಶುವೈದ್ಯರು, ವಕೀಲರು, ಆರ್ಕಿಟೆಕ್ಟ್‌ಗಳ ಕೆಲಸ ಬೀಗ ಹಾಕಿದ ಬಾಗಿಲು. ಅದಕ್ಕೆ ಒಂದೇ ಕೀಲಿ, ಬೇರೆ ಪದವಿ ಎಷ್ಟೇ ಚೆನ್ನಾಗಿದ್ದರೂ ತೆರೆಯುವುದಿಲ್ಲ. ಪತ್ರಿಕೋದ್ಯಮ, ಮಾರಾಟ, ಆಡಳಿತ, ಸಾಫ್ಟ್‌ವೇರಿನ ಬಹಳಷ್ಟು ಕೆಲಸಗಳಿಗೆ ಅಂಥ ಬೀಗವಿಲ್ಲ. ಹಲವು ಪದವಿಗಳವರು ಅಲ್ಲಿಗೆ ಬರುತ್ತಾರೆ. ಬೀಗದ ಕೆಲಸ ಬೇಕಿದ್ದವರು ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಪದವಿ ಆರಿಸಬೇಕು. ಉಳಿದವರಿಗೆ ಇಷ್ಟದ ವಿಷಯ ಆರಿಸಲು ಅವರು ಅಂದುಕೊಂಡದ್ದಕ್ಕಿಂತ ಜಾಸ್ತಿ ಜಾಗ ಇದೆ.

ಈ ವ್ಯತ್ಯಾಸ ತಿಳಿಯದೆ ಎಡವಿದ ಒಬ್ಬ ಹುಡುಗನನ್ನು ನಾನು ಮರೆತಿಲ್ಲ. ಪ್ರಾಣಿಗಳೆಂದರೆ ಪ್ರಾಣ. ಪ್ರಾಣಿಶಾಸ್ತ್ರ ಸೇರಿದ. ಗಾಯವಾದ ನಾಯಿ, ಬೆಕ್ಕು, ಹಸುಗಳಿಗೆ ಚಿಕಿತ್ಸೆ ಮಾಡಬೇಕು ಅನ್ನುವುದು ಅವನ ಆಸೆ. ಅದು ಪಶುವೈದ್ಯಕೀಯ, ಬೇರೆಯದೇ ಪದವಿ. ಪ್ರಾಣಿಶಾಸ್ತ್ರದಲ್ಲಿ ಸಿಕ್ಕಿದ್ದು ವರ್ಗೀಕರಣ, ಭ್ರೂಣ ಬೆಳವಣಿಗೆ, ಸೂಕ್ಷ್ಮದರ್ಶಕದ ಕೆಳಗಿನ ಸ್ಲೈಡು. ಅವನಿಗೆ ಅದು ಗೊತ್ತಾಗಿದ್ದು ಮೂರನೇ ವರ್ಷದಲ್ಲಿ. ಒಬ್ಬ ಪಶುವೈದ್ಯರ ಜೊತೆ ಒಂದೇ ಒಂದು ಬೆಳಿಗ್ಗೆ ಕಳೆದಿದ್ದರೆ ಅವರೇ ಹೇಳಿಬಿಡುತ್ತಿದ್ದರು, ಅಲ್ವಾ?

ಇಂಜಿನಿಯರಿಂಗಿಗೆ ಹೋಗುವವರು ಇನ್ನೊಂದು ವಿಚಾರಿಸಿಕೊಳ್ಳಲಿ. ಬೇರೆ ದೇಶದಲ್ಲಿ ಕೆಲಸ ಮಾಡುವ ಆಲೋಚನೆ ಇದ್ದರೆ, ಆ ಕೋರ್ಸಿಗೆ 1989ರ ವಾಷಿಂಗ್ಟನ್ ಒಪ್ಪಂದದ (ಸದಸ್ಯ ದೇಶಗಳು ಇಂಜಿನಿಯರಿಂಗ್ ಕೋರ್ಸುಗಳ ಮಾನ್ಯತೆಯನ್ನು ಪರಸ್ಪರ ಒಪ್ಪಿಕೊಳ್ಳುವ ಒಪ್ಪಂದ ಅದು) ಪ್ರಕಾರ ಮಾನ್ಯತೆ ಇದೆಯಾ ಅಂತ ಕೇಳಬೇಕು. ಮಾನ್ಯತೆ ಸಿಗುವುದು ಕೋರ್ಸಿಗೆ. ಒಂದೇ ಕಾಲೇಜಿನ ಒಂದು ವಿಭಾಗಕ್ಕೆ ಇದ್ದು ಪಕ್ಕದ ವಿಭಾಗಕ್ಕೆ ಇಲ್ಲದಿರಬಹುದು.

ಇಷ್ಟ ಅನ್ನುವುದನ್ನೂ ಸ್ವಲ್ಪ ಜರಡಿ ಹಿಡಿಯಬೇಕು. ನನ್ನದೇ ಉದಾಹರಣೆ. ಹೈಸ್ಕೂಲಿನಲ್ಲಿ ನನಗೆ ಭೌತಶಾಸ್ತ್ರ ಎಂದರೆ ಪಂಚಪ್ರಾಣ. ಪದವಿಗೆ ಅದನ್ನೇ ತಗೊಂಡೆ. ಲ್ಯಾಬಿನಲ್ಲಿ ಲೋಲಕ ತೂಗುತ್ತಾ ಸ್ಟಾಪ್‌ವಾಚ್ ಒತ್ತುವಾಗ ಆಕಳಿಕೆ. ಆದರೆ ರೀಡಿಂಗುಗಳು ಒಂದೊಂದು ಸಲ ಒಂದೊಂದು ಥರ ಯಾಕೆ ಬರುತ್ತವೆ, ಅದರಲ್ಲಿ ಎಷ್ಟನ್ನು ನಂಬಬಹುದು ಅನ್ನುವ ಪ್ರಶ್ನೆ ಮಾತ್ರ ನಿದ್ದೆ ಕೆಡಿಸುತ್ತಿತ್ತು. ಅದರ ಹೆಸರು ಸಂಖ್ಯಾಶಾಸ್ತ್ರ ಅಂತ ಲ್ಯಾಬ್ ಸಹಾಯಕರೊಬ್ಬರು ಹೇಳಿದರು. ಆಮೇಲೆ ಯೋಚಿಸಿದರೆ ಹೈಸ್ಕೂಲಿನಲ್ಲಿ ನನ್ನ ಇಷ್ಟ ಇದ್ದದ್ದು ವಿಷಯದ ಮೇಲಲ್ಲ, ಮೇಷ್ಟ್ರ ಮೇಲೆ. ಅಷ್ಟು ಚೆಂದ ಪಾಠ ಮಾಡುತ್ತಿದ್ದರು ಅವರು.

ಆಸಕ್ತಿ ಅಳೆಯುವ ಪರೀಕ್ಷೆಗಳ ಬಗ್ಗೆ ಕೇಳುವವರೂ ಇದ್ದಾರೆ. ಅಮೆರಿಕದ ಮನಃಶಾಸ್ತ್ರಜ್ಞ ಜಾನ್ ಹಾಲೆಂಡ್ 1959ರಲ್ಲಿ ಮುಂದಿಟ್ಟ ಸಿದ್ಧಾಂತದ ಮೇಲೆ ಇಂಥವು ಎಷ್ಟೋ ಇವೆ. ಕೈಕೆಲಸ, ಶೋಧ, ಕಲೆ, ಜನಸೇವೆ, ಮುಂದಾಳತನ, ಅಚ್ಚುಕಟ್ಟಿನ ಲೆಕ್ಕಪತ್ರ ಎಂದು ಆರು ಬಗೆ. ಮಾಡಿ ನೋಡಿ, ಮಾತು ಶುರು ಮಾಡಲು ಚೆನ್ನಾಗಿದೆ. ಆದರೆ ಅದು ಹೇಳುವುದು ನಿಮಗೆ ಏನು ಇಷ್ಟ ಅನ್ನುವುದನ್ನು ಮಾತ್ರ. ನಿಮಗೆ ಅದು ಬರುತ್ತದಾ ಅನ್ನುವುದನ್ನಲ್ಲ. ನೀವು ಕೊಟ್ಟ ಉತ್ತರವನ್ನೇ ಅಂದವಾಗಿ ಜೋಡಿಸಿ ವಾಪಸ್ ಕೊಡುತ್ತದೆ.

ಹದಿನೇಳು ಹದಿನೆಂಟನೇ ವಯಸ್ಸಿಗೆ ಇದೆಲ್ಲ ತೀರ್ಮಾನ ಆಗಬೇಕಾ ಅಂತ ನನಗೂ ಅನಿಸುತ್ತದೆ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಅರ್ಜಿ ಹಾಕುವಾಗಲೇ ವಿಷಯ ಹೇಳಬೇಕು, ಮೂರು ವರ್ಷ ಅದೇ. ಪಕ್ಕದ ಸ್ಕಾಟ್ಲೆಂಡಿನಲ್ಲಿ ನಾಲ್ಕು ವರ್ಷ, ಮೊದಲೆರಡು ವರ್ಷ ಹಲವು ವಿಷಯ ರುಚಿ ನೋಡಬಹುದು. ಇವೆರಡನ್ನೂ ಹೋಲಿಸಿದ ಅರ್ಥಶಾಸ್ತ್ರಜ್ಞರೊಬ್ಬರು, ಬೇಗ ವಿಷಯ ಹಿಡಿದ ಇಂಗ್ಲೆಂಡಿನವರೇ ಓದಿಗೆ ಸಂಬಂಧವಿಲ್ಲದ ಕೆಲಸಗಳಿಗೆ ಜಾಸ್ತಿ ಹೋಗಿರುವುದನ್ನು ಕಂಡರು. ಆತುರದಲ್ಲಿ ಆರಿಸಿದ್ದನ್ನು ಆಮೇಲೆ ಬಿಡಬೇಕಾಗಿ ಬಂತು ಅನ್ನಿ. ಹಾಗಾಗಿ ಎರಡು ಕೋರ್ಸುಗಳ ನಡುವೆ ಮನಸ್ಸು ಹೊಯ್ದಾಡುತ್ತಿದ್ದರೆ, ಒಂದು ವರ್ಷವಾದ ಮೇಲೆ ವಿಷಯ ಬದಲಿಸಲು ಯಾವುದರಲ್ಲಿ ಅವಕಾಶ ಇದೆ ಅಂತ ಕೇಳಿ.

ಬದಲಿಸಿದವರು ಹಾಳಾಗಲಿಲ್ಲ. ವೆಂಕಿ ರಾಮಕೃಷ್ಣನ್ ಭೌತಶಾಸ್ತ್ರದಲ್ಲಿ 1976ರಲ್ಲಿ ಪಿಎಚ್‌.ಡಿ. ಮುಗಿಸಿ, ಆಮೇಲೆ ಮತ್ತೆ ವಿದ್ಯಾರ್ಥಿಯಾಗಿ ಜೀವಶಾಸ್ತ್ರದ ಕ್ಲಾಸಿನಲ್ಲಿ ಕೂತರು. 2009ರಲ್ಲಿ ನೊಬೆಲ್ ಬಂತು, ಅದೂ ರಸಾಯನಶಾಸ್ತ್ರಕ್ಕೆ! ಗಿರೀಶ ಕಾರ್ನಾಡರು ಪದವಿಯಲ್ಲಿ ಓದಿದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರ. ನಮ್ಮವರು ಅಂತ ನಾನು ಕ್ಲಾಸಿನಲ್ಲಿ ಸುಮ್ನೆ ಒಂದು ಸಲ ಹೇಳಿಕೊಳ್ಳುವುದುಂಟು. ಎರಡು ಉದಾಹರಣೆಯಿಂದ ಏನೂ ಸಾಬೀತಾಗುವುದಿಲ್ಲ ಅಂತ ಕಲಿಸುವವಳೂ ನಾನೇ, ಆದ್ದರಿಂದ ಇಲ್ಲಿಗೆ ನಿಲ್ಲಿಸುತ್ತೇನೆ.

ಆ ಮನಃಶಾಸ್ತ್ರದ ಹುಡುಗಿ ಏನಾದಳು ಅಂತ ಹೇಳಲಿಲ್ಲ. ಒಂದು ಸೆಮಿಸ್ಟರ್ ಪೂರ್ತಿ ನನ್ನ ಮೇಲೆ ಮುನಿಸು. ನಾಲ್ಕನೇ ಸೆಮಿಸ್ಟರಿನಲ್ಲಿ ಹಾಸ್ಟೆಲ್ ಹುಡುಗಿಯರ ನಿದ್ದೆಯ ಬಗ್ಗೆ ಒಂದು ಸಣ್ಣ ಪ್ರಾಜೆಕ್ಟ್ ಮಾಡಿದಳು. ರಾತ್ರಿ ಓದುವವರಿಗೇ ಅಂಕ ಜಾಸ್ತಿ ಬರುತ್ತದೆ ಅಂತ ಬಲವಾಗಿ ನಂಬಿದ್ದಳು. 60 ಜನರನ್ನು ಕೇಳಿ ತಂದ ಅವಳದೇ ಅಂಕಿಗಳು ಹಾಗೆ ಹೇಳಲಿಲ್ಲ. ಮಧ್ಯಾಹ್ನ ಸ್ಟಾಫ್ ರೂಮಿಗೆ ಓಡಿಬಂದು, ಕೂರದೆ, ಹಾಳೆ ಮುಂದೆ ಹಿಡಿದು ‘ಮೇಡಂ, ನಾನೇ ತಪ್ಪು!’ ಅಂದಳು. ಅಷ್ಟು ಖುಷಿಯಿಂದ ತಪ್ಪೊಪ್ಪಿಕೊಂಡವರನ್ನು ನಾನು ಬೇರೆ ನೋಡಿಲ್ಲ. ಅವಳ ಜೊತೆ ಸೇರಿದ್ದ ಇನ್ನಿಬ್ಬರು ಅಷ್ಟರಲ್ಲಿ ಕೋರ್ಸ್ ಬಿಟ್ಟು ಹೋಗಿದ್ದರು. ಅವರಿಗೂ ಮೊದಲೇ ಯಾರೂ ಏನೂ ಹೇಳಿರಲಿಲ್ಲ.

ಮುಂದಿನ ಸಲ ಪಟ್ಟಿ ಹಾಕುವಾಗ ಸಂಬಳದ ಪಕ್ಕದಲ್ಲಿ ಇನ್ನೊಂದು ಕಾಲಂ ಸೇರಿಸಿ. ಪ್ರತಿ ಪದವಿಯ ಮೂರನೇ ಸೆಮಿಸ್ಟರಿನಲ್ಲಿ ಏನೇನು ಓದಬೇಕು ಅಂತ ಎರಡು ಸಾಲು ಸಾಕು. ಸರಾಸರಿಯ ಜಾಗದಲ್ಲಿ ಮಧ್ಯಾಂಕ ಹಾಕಿದರೆ ಇನ್ನೂ ಸಂತೋಷ. ಸಂಖ್ಯಾಶಾಸ್ತ್ರದ ಪೇಪರ್ ಯಾವ ಯಾವ ಕೋರ್ಸಿನೊಳಗೆ ಬಚ್ಚಿಟ್ಟುಕೊಂಡಿದೆ ಎಂಬ ವಿವರ ಬೇಕಿದ್ದರೆ ನಾನೇ ಬರೆದು ಕಳಿಸುತ್ತೇನೆ.

ಇಂತಿ,
ಒಬ್ಬ ಸಂಖ್ಯಾಶಾಸ್ತ್ರ ಅಧ್ಯಾಪಕಿ